ಏರಿನಲ್ಲಿ ಹಾರುವ ಚೈನ್: ಬಿಡಿಭಾಗ ಕೊಳ್ಳುವ ಮೊದಲು ಎಣಿಸಿ ನೋಡಿ

ಕಾಸರಗೋಡು ಜಿಲ್ಲೆಯ ಧರ್ಮತ್ತಡ್ಕ ದಾಟಿ ಪೊಸಡಿ ಗುಂಪೆ ಗುಡ್ಡದ ಬುಡದವರೆಗೆ ಸೈಕಲ್ ಸದ್ದಿಲ್ಲದೆ ಬರುತ್ತದೆ. ಮುರಕಲ್ಲಿನ ಕಡಿದಾದ ದಾರಿ ಎದುರಾಗಿ, ಹಗುರ ಗೇರಿಗೆ ಬಂದು, ಸೀಟಿನಿಂದ ಎದ್ದು ಪೆಡಲಿನ ಮೇಲೆ ಮೈಭಾರ ಬಿಟ್ಟ ಕ್ಷಣ 'ಟಕ್' ಎನ್ನುತ್ತದೆ. ಕಾಲಡಿಯ ಪೆಡಲ್ ಒಮ್ಮೆಲೇ ಕುಸಿಯುತ್ತದೆ. ಮೊಣಕಾಲು ಹ್ಯಾಂಡಲಿಗೆ ಬಡಿಯುವುದೂ ಉಂಟು, ಆಯ ತಪ್ಪಿ ಕಲ್ಲಿನ ಮೇಲೆ ಬೀಳುವುದೂ ಉಂಟು. ಅದೇ ಸೈಕಲನ್ನು ಸಮತಟ್ಟಾದ ರಸ್ತೆಗೆ ಇಳಿಸಿ ತುಳಿದರೆ ಏನೂ ಇಲ್ಲ. ಅಂಗಡಿಗೆ ಒಯ್ದು ಸ್ಟ್ಯಾಂಡಿಗೆ ಏರಿಸಿ ಕೈಯಲ್ಲಿ ತಿರುಗಿಸಿದರೂ ಏನೂ ಇಲ್ಲ.

ಚೈನ್ ಹಲ್ಲಿನಿಂದ ಹಾರುವ ಈ ಒಂದು ದೋಷದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡಗಳಲ್ಲಿ ಸೈಕಲ್ ತುಳಿಯುವ ಗೆಳೆಯರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಅವರ ಹಣ ಅತಿ ಹೆಚ್ಚು ಪೋಲಾಗುವುದೂ ಇದರಲ್ಲೇ. ಲಕ್ಷಣ ಒಂದು, ಕಾರಣ ಆರೇಳು. ಜ್ವರಕ್ಕೆಲ್ಲ ಒಂದೇ ಮಾತ್ರೆ ಕೊಟ್ಟಂತೆ ಎಲ್ಲದಕ್ಕೂ ಹೊಸ ಚೈನ್, ಹೊಸ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ಹಾಕಿದರೆ ಕೆಲವೊಮ್ಮೆ ಗುಣವಾಗುತ್ತದೆ, ಹಲವು ಬಾರಿ ಆಗುವುದಿಲ್ಲ.

ನನಗೂ ಹಾಗೆಯೇ ಆಯಿತು. ಮೂರು ವರ್ಷದ ಹಿಂದೆ, ಇಳಿಜಾರಿನಲ್ಲಿ ಬಲಮಗ್ಗುಲಿಗೆ ಬಿದ್ದೆ. ಗಾಯ ಸಣ್ಣದು, ಸೈಕಲಿಗೂ ಏನೂ ಆದಂತೆ ಕಾಣಲಿಲ್ಲ. ವಾರ ಕಳೆದು ಏರಿನಲ್ಲಿ ಚೈನ್ ಹಾರತೊಡಗಿತು. ಪೇಟೆಯ ಅಂಗಡಿಯಲ್ಲಿ ಚೈನೂ ಕ್ಯಾಸೆಟ್ಟೂ ಸವೆದಿವೆ ಎಂದರು. ಎರಡನ್ನೂ ಹಾಕಿಸಿದೆ, ಮೂರು ಸಾವಿರ ರೂಪಾಯಿ ದಾಟಿತು. ಮರುದಿನ ಬೆಳಿಗ್ಗೆ ಅದೇ ಏರಿನಲ್ಲಿ ಅದೇ 'ಟಕ್'. ತೆಗೆದ ಹಳೆಯ ಚೈನನ್ನು ಮನೆಯಲ್ಲಿ ಅಳೆದು ನೋಡಿದರೆ ಅದಕ್ಕೆ ಇನ್ನೂ ಒಂದು ಮಳೆಗಾಲದ ಆಯುಷ್ಯವಿತ್ತು. ನಿಜವಾಗಿ ಬಾಗಿದ್ದದ್ದು ಹಿಂದಿನ ಡಿರೇಲರನ್ನು (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ತೋಳನ್ನು) ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಷ್ಟು ದೊಡ್ಡ ಅಲ್ಯೂಮಿನಿಯಂ ತುಂಡು, ಅಂದರೆ ಹ್ಯಾಂಗರ್. ಅಂದಿನಿಂದ ನನ್ನ ಕ್ರಮ ಬದಲಾಗಿದೆ. ಸ್ಪ್ಯಾನರ್ ಮುಟ್ಟುವ ಮೊದಲು ಎಣಿಸುತ್ತೇನೆ.

ಎಷ್ಟು ಸುತ್ತಿಗೆ ಒಮ್ಮೆ?

ಕಳೆದ ಆಟಿ ತಿಂಗಳಲ್ಲಿ ಅಕ್ಕನ ಮಗ ಸೈಕಲ್ ತಳ್ಳಿಕೊಂಡೇ ನಮ್ಮ ಮನೆಗೆ ಬಂದ.

"ಮಾವ, ಕ್ಯಾಸೆಟ್ ಹೋಗಿದೆಯಂತೆ. ಹೊಸದು ಹಾಕಿಸಬೇಕಂತೆ."

"ಎಷ್ಟು ಸುತ್ತಿಗೆ ಒಮ್ಮೆ ಹಾರುತ್ತದೆ?"

"ಅದನ್ನು ನೋಡಲಿಲ್ಲ. ಹಾರುತ್ತದೆ, ಅಷ್ಟೆ."

ತೋಟದಿಂದ ಮನೆಯಂಗಳಕ್ಕೆ ಬರುವ ಏರು ನಮ್ಮಲ್ಲಿ ಚೆನ್ನಾಗಿದೆ. ಗೇರ್ ಬದಲಿಸದೆ, ಬಲಗಾಲು ಕೆಳಗೆ ಬಂದಾಗಲೆಲ್ಲ ಗಟ್ಟಿಯಾಗಿ ಎಣಿಸುತ್ತಾ ಆ ಏರನ್ನು ಹತ್ತಿ ಬಾ ಎಂದೆ. ಮಳೆ ಹನಿಯುತ್ತಿತ್ತು. ಒಂದು, ಎರಡು, ಮೂರು, ಟಕ್. ಒಂದು, ಎರಡು, ಮೂರು, ನಾಲ್ಕು, ಟಕ್. ಮತ್ತೆ ಮೂರಕ್ಕೆ, ಮತ್ತೆ ನಾಲ್ಕಕ್ಕೆ. ಅಂಗಳ ತಲುಪುವ ಹೊತ್ತಿಗೆ ಕ್ಯಾಸೆಟ್ ಹೋಗಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಲೆಕ್ಕ ಹೀಗಿದೆ. ಅವನ ಚೈನಿನಲ್ಲಿ 114 ಕೊಂಡಿಗಳು, ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರದಲ್ಲಿ 32 ಹಲ್ಲುಗಳು. ಪೆಡಲ್ ಒಂದು ಸುತ್ತು ಬಂದರೆ 32 ಕೊಂಡಿ ಮುಂದೆ ಸಾಗುತ್ತದೆ. ಇಡೀ ಚೈನ್ ಒಂದು ಸುತ್ತು ಮುಗಿಸಲು ಮೂರೂವರೆ ಸುತ್ತಿಗಿಂತ ತುಸು ಹೆಚ್ಚು ತುಳಿಯಬೇಕು. ಹಾರುವಿಕೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ಬರುತ್ತಿದ್ದರೆ ಚೈನಿನಲ್ಲಿ ಎಲ್ಲೋ ಒಂದೇ ಒಂದು ಕೊಂಡಿ ಕೆಟ್ಟಿದೆ ಎಂದರ್ಥ. ನಿಮ್ಮ ಸೈಕಲಿನ ಸಂಖ್ಯೆ ಬೇರೆ ಇರಬಹುದು. ಮುಂದೆ ಮೂರು ಹಲ್ಲುಚಕ್ರಗಳಿರುವ ಹಳೆಯ ಮಾದರಿಯಲ್ಲಿ 22 ಹಲ್ಲಿನ ಸಣ್ಣ ಚಕ್ರದ ಮೇಲೆ ಇದೇ ಚೈನ್ ಸುತ್ತಿ ಬರಲು ಐದಕ್ಕಿಂತ ಹೆಚ್ಚು ಸುತ್ತು ಬೇಕು. ಕೊಂಡಿಗಳನ್ನು ಒಮ್ಮೆ ಎಣಿಸಿ, ಹಲ್ಲುಗಳನ್ನೂ ಎಣಿಸಿ, ಭಾಗಿಸಿ, ಬಂದ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಪ್ರತಿ ಸುತ್ತಿಗೂ ಒಮ್ಮೆ, ಕಾಲು ಒಂದೇ ಜಾಗದಲ್ಲಿರುವಾಗ ಆಗುತ್ತಿದ್ದರೆ ದೋಷ ಮುಂದಿನ ಹಲ್ಲುಚಕ್ರದಲ್ಲಿ: ಕಲ್ಲಿಗೆ ಬಡಿದು ಬಾಗಿದ ಹಲ್ಲು, ಅಥವಾ ಸಡಿಲಾದ ಬೋಲ್ಟ್. ಹಿಂದಿನ ಟಯರಿನ ಬದಿಗೆ ಸೀಮೆಸುಣ್ಣದಿಂದ ಗೀಟು ಎಳೆದು, ಗೆಳೆಯನೊಬ್ಬನನ್ನು ಪಕ್ಕದಲ್ಲಿ ನಡೆಸಿ. ಗೀಟು ಪ್ರತಿ ಬಾರಿಯೂ ಒಂದೇ ಕಡೆ ಇರುವಾಗ ಹಾರಿದರೆ ಹಿಂದಿನ ಹಲ್ಲುಚಕ್ರವನ್ನು ನೋಡಬೇಕು. ಲೆಕ್ಕವೇ ಇಲ್ಲದೆ ಯಾವಾಗ ಬೇಕಾದರೂ ಹಾರಿದರೆ ಸಂಶಯ ಹ್ಯಾಂಗರ್, ಕೇಬಲ್ ಮತ್ತು ಒಟ್ಟಾರೆ ಸವೆತದ ಕಡೆಗೆ ಹೋಗುತ್ತದೆ. ಚೈನ್ ಹಲ್ಲಿನಿಂದ ಕದಲದೆ, ಪೆಡಲ್ ಮಾತ್ರ ಗಾಳಿಯಲ್ಲಿ ತುಳಿದಂತೆ ಮುಂದಕ್ಕೆ ಬಿದ್ದರೆ ಅದು ಚೈನಿನ ಮಾತೇ ಅಲ್ಲ, ಹಬ್ಬಿನ, ಅಂದರೆ ಹಿಂಚಕ್ರದ ನಡುವಿನ ಗುಂಬದ, ಒಳಗಿನದು. ಅದಕ್ಕೆ ಆಮೇಲೆ ಬರುತ್ತೇನೆ.

ಎಣಿಸುವಾಗ ಇನ್ನೊಂದು ವಿಷಯ ಗಮನಿಸಿ: ಎಲ್ಲ ಗೇರಿನಲ್ಲೂ ಹಾರುತ್ತದೆಯೋ, ಒಂದೆರಡು ಗೇರಿನಲ್ಲಿ ಮಾತ್ರವೋ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು.

ಬಿಗಿದ ಕೊಂಡಿ

ಸೈಕಲನ್ನು ಅಂಗಳದ ಚಪ್ಪರದ ಅಡ್ಡಕ್ಕೆ ಹಗ್ಗ ಹಾಕಿ ಸೀಟಿನಿಂದ ತೂಗಿಸಿದೆವು. ಸ್ಟ್ಯಾಂಡ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಗೊತ್ತಿಲ್ಲ. ತಲೆಕೆಳಗೆ ಇಟ್ಟರೆ ಡಿರೇಲರ್ ಸರಿಯಾಗಿ ಕಾಣುವುದೂ ಇಲ್ಲ, ಹೈಡ್ರಾಲಿಕ್ ಬ್ರೇಕಿನ ಒಳಗಿನ ಗಾಳಿ ಇರಬಾರದ ಜಾಗಕ್ಕೆ ಸರಿಯಲೂ ಬಹುದು. ಹುಡುಗನಿಗೆ ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಲು ಹೇಳಿ, ನಾನು ಡಿರೇಲರಿನ ಕೆಳಗಿನ ಸಣ್ಣ ಹಲ್ಲುಗಾಲಿಯ ಮೇಲೆ ಕಣ್ಣಿಟ್ಟೆ. ಚೈನ್ ಅಲ್ಲಿ ಅತಿ ಸಣ್ಣ ತಿರುವು ತೆಗೆದುಕೊಳ್ಳುತ್ತದೆ. ಸರಿಯಿರುವ ಕೊಂಡಿಗಳು ಬಾಗಿ, ಹೊರಬಂದು, ತಕ್ಷಣ ನೇರವಾಗುತ್ತವೆ. ಒಂದು ಕೊಂಡಿ ಮಾತ್ರ ಬಾಗಿದ್ದು ಬಾಗಿದಂತೆಯೇ ಉಳಿದು, ಮೊಣಕೈ ಮಡಚಿದ ಹಾಗೆ ಹೊರಬಂತು. ಅದು ಹೊರಬರುವಾಗ ಡಿರೇಲರಿನ ತೋಳು ಸಣ್ಣಗೆ ಒಮ್ಮೆ ಕೊಡವಿಕೊಂಡಿತು. "ಮಾವ, ಕಂಡಿತು!" ಎಂದು ಹುಡುಗ ತಿರುಗಿಸುವುದನ್ನು ನಿಲ್ಲಿಸಿದ.

ಹತ್ತಿರದಿಂದ ನೋಡಿದರೆ ಆ ಕೊಂಡಿಯ ಪಿನ್ ಉಳಿದವಕ್ಕಿಂತ ಕೂದಲೆಳೆಯಷ್ಟು ಒಂದು ಬದಿಗೆ ಚಾಚಿತ್ತು. ಚೈನನ್ನು ಕತ್ತರಿಸಿ ಜೋಡಿಸಿದ ಜಾಗ ಅದು. ಪಿನ್ ಒತ್ತುವಾಗ ಎರಡು ಪಟ್ಟಿಗಳು ಬಿಗಿಯಾಗಿ ಅಂಟಿಕೊಂಡಿದ್ದವು. ಆ ಜಾಗದ ಎರಡೂ ಕಡೆ ಹೆಬ್ಬೆರಳಿಟ್ಟು ಚೈನನ್ನು ಅಡ್ಡಕ್ಕೆ, ಅಂದರೆ ಅದು ಸಹಜವಾಗಿ ಬಾಗದ ದಿಕ್ಕಿಗೆ, ನಾಲ್ಕೈದು ಬಾರಿ ಮೆಲ್ಲಗೆ ಅಲುಗಿಸಿದರೆ ಪಟ್ಟಿಗಳ ನಡುವೆ ಸಡಿಲ ಬರುತ್ತದೆ. ಒಂದು ಹನಿ ಎಣ್ಣೆ. ಹತ್ತು ನಿಮಿಷದ ಕೆಲಸ, ಖರ್ಚು ಏನೂ ಇಲ್ಲ. ಪಿನ್ ತೀರಾ ಹೊರಬಂದಿದ್ದರೆ ಮಾತ್ರ ಆ ಕೊಂಡಿಯನ್ನು ನಂಬಬೇಡಿ. ತೆಗೆದು, ಚೈನಿನ ಅಳತೆಗೆ ಸರಿಹೊಂದುವ ಕ್ವಿಕ್ ಲಿಂಕ್ (ಪಿನ್ ಒತ್ತದೆ ಜೋಡಿಸುವ ಕೊಂಡಿ) ಹಾಕಿ.

ನಮ್ಮ ಮಳೆಯಲ್ಲಿ ತುಕ್ಕಿನಿಂದಲೂ ಕೊಂಡಿ ಬಿಗಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು. ಒದ್ದೆ ಚೈನನ್ನು ಒರೆಸದೆ ಎರಡು ದಿನ ನಿಲ್ಲಿಸಿದರೆ ಸಾಕು, ಕಿತ್ತಳೆ ಬಣ್ಣದ ಹುಡಿ ಏಳುತ್ತದೆ. ಬೇಕಲ, ಕುಂಬಳೆ, ಉಪ್ಪಳದಂಥ ಕಡಲ ಬದಿಯವರಿಗೆ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಐದಾರು ಕೊಂಡಿಗಳು ತುಕ್ಕಿನಿಂದ ಬಿಗಿದಿದ್ದರೆ ಬಿಡಿಸುತ್ತಾ ಕೂರಬೇಡಿ, ಆ ಚೈನ್ ಮುಗಿದಂತೆ.

ಇನ್ನೊಂದು ಮಾತು ಅಡಿಕೆ ಬೆಳೆಗಾರರ ಮನೆಯವರಿಗೆ. ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತಿನ ಚೀಲ, ಡ್ರಮ್ಮುಗಳು ಇರುವ ಕೊಟ್ಟಿಗೆಯಲ್ಲಿಯೇ ಸೈಕಲನ್ನೂ ಒರಗಿಸಿಡುತ್ತೇವೆ. ಸುಣ್ಣ ಬೀಳುವ ಮೊದಲಿನ ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎಂದು ಹಿರಿಯರು ಹೇಳುವುದು ಅದಕ್ಕೇ. ಚೈನಿನ ಮೇಲೆ ಅದು ಸಿಡಿದರೆ ತುಕ್ಕಿಗಿಂತ ಬೇಗ ಕೆಲಸ ಮುಗಿಸುತ್ತದೆ. ಸೈಕಲಿಗೆ ಬೇರೆ ಮೂಲೆ ಹುಡುಕಿ.

ಸವೆತವನ್ನು ಕಣ್ಣಿನಿಂದಲ್ಲ, ಸ್ಕೇಲಿನಿಂದ ಅಳೆಯಿರಿ

ಎಣಿಕೆಗೆ ಲೆಕ್ಕ ಸಿಗದಿದ್ದರೆ ಮುಂದಿನ ಹೆಜ್ಜೆ ಅಳತೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು, 12.7 ಮಿಲಿಮೀಟರ್. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಇಂಚು. ಮಕ್ಕಳ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲ್ ಬೇಡ, ಉಕ್ಕಿನ ಸ್ಕೇಲ್ ತೆಗೆದುಕೊಳ್ಳಿ. ಪೆಡಲನ್ನು ಒತ್ತಿ ಹಿಡಿದು ಮೇಲಿನ ಚೈನನ್ನು ಬಿಗಿ ಮಾಡಿ, ಸೊನ್ನೆಯನ್ನು ಒಂದು ಪಿನ್ನಿನ ನಡುಮಧ್ಯಕ್ಕೆ ಇಟ್ಟು, 12 ಇಂಚಿನ ಗೀಟಿನ ಬಳಿ ನೋಡಿ. ಅಲ್ಲಿನ ಪಿನ್ ಗೀಟನ್ನು ಒಂದೂವರೆ ಮಿಲಿಮೀಟರ್ ದಾಟಿದ್ದರೆ ಸವೆತ ಶೇ. 0.5. ಮೂರು ಮಿಲಿಮೀಟರ್ ದಾಟಿದ್ದರೆ ಶೇ. 1. ಹಿಂದೆ 11 ಅಥವಾ 12 ಗೇರ್ ಇರುವ ತೆಳು ಚೈನನ್ನು 0.5ಕ್ಕೇ ಬದಲಿಸಬೇಕು, 10 ಅಥವಾ ಅದಕ್ಕಿಂತ ಕಡಿಮೆ ಗೇರಿನದಾದರೆ 0.75ರವರೆಗೆ ಓಡಿಸಬಹುದು. ಶೇ. 1 ದಾಟಿದ ಮೇಲೆ ಚೈನ್ ಒಂಟಿಯಾಗಿ ಸಾಯುವುದಿಲ್ಲ, ಕ್ಯಾಸೆಟ್ಟನ್ನೂ ಜೊತೆಗೆ ಒಯ್ಯುತ್ತದೆ.

ಚೈನ್ 'ಎಳೆದು ಉದ್ದವಾಗುತ್ತದೆ' ಎಂದು ಹೇಳುವುದು ರೂಢಿ. ಉಕ್ಕಿನ ಪಟ್ಟಿ ಹಿಗ್ಗುವುದಿಲ್ಲ. ಪಿನ್ ಮತ್ತು ಅದರ ಸುತ್ತಲಿನ ತೂತು ಸವೆಯುತ್ತವೆ. ಸವೆಸುವುದು ನಮ್ಮ ಮಣ್ಣು. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನ ಅಂಗಾಡಿಪ್ಪುರದ ಕಲ್ಲನ್ನು ಕಂಡು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎನ್ನುವುದಕ್ಕಿರುವ ಪದದಿಂದ. ಕೋರೆಯಲ್ಲಿ ಕೊಡಲಿಗೆ ಬಗ್ಗುವ ಕಲ್ಲು ಗಾಳಿ ಬಿಸಿಲು ತಗುಲಿ ಗಟ್ಟಿಯಾಗುತ್ತದೆಯಲ್ಲ, ಡಿರೇಲರಿಗೆ ಅಂಟಿದ ಕೆಂಪು ಕೆಸರೂ ಹಾಗೆಯೇ. ಹಸಿ ಇರುವಾಗ ಬಟ್ಟೆಗೆ ಬರುತ್ತದೆ, ಮರುದಿನ ಉಳಿ ಹಿಡಿಯಬೇಕು. ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಆಭರಣಕ್ಕೆ ಹೊಳಪು ಕೊಡುವ ಕೆಂಪು ಪುಡಿಯಲ್ಲಿರುವ ವಸ್ತುವೇ. ಅದರ ಜೊತೆಗೆ ಮರಳಿನ ಕಣವೂ ಎಣ್ಣೆಯೂ ಬೆರೆತರೆ ಪಿನ್ನನ್ನು ತೇಯುವ ಗಂಧದ ಕಲ್ಲು ತಯಾರಾದಂತೆ.

ತೆಂಗಿನೆಣ್ಣೆ ಹಾಕಬೇಡಿ. ಮನೆಯಲ್ಲಿ ಕೈಗೆ ಸಿಗುವ ಎಣ್ಣೆ ಅದೇ ಎಂಬುದು ಗೊತ್ತು, ನಾನೂ ಹಾಕಿದ್ದೇನೆ. ಕೆಲವು ದಿನಕ್ಕೆ ಅದು ಅಂಟಾಗಿ ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲಕ್ಕೆ ದಪ್ಪನೆಯ ಚೈನ್ ಎಣ್ಣೆ, ಬೇಸಿಗೆಗೆ ತೆಳುವಿನದು. ಕೊಂಡಿಗೆ ಒಂದೇ ಹನಿ, ಆಮೇಲೆ ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಾಗಿರುವುದು ಪಿನ್ನಿನ ಒಳಗೆ. ಡಿಸ್ಕ್ ಬ್ರೇಕಿನ ತಟ್ಟೆಗೆ ಹನಿ ಸಿಡಿಯದಂತೆ ಎಚ್ಚರವಿರಲಿ.

ಚೈನ್ ಹೊಸದು, ಆದರೂ ಎರಡು ಮೂರು ಗೇರಿನಲ್ಲಿ ಮಾತ್ರ ಹಾರುತ್ತದೆ ಎಂದಾದರೆ ಈಗ ಕ್ಯಾಸೆಟ್ಟಿನ ಮೇಲೆ ಆರೋಪ ಹೊರಿಸಬಹುದು. ನೀವು ಅತಿ ಹೆಚ್ಚು ಬಳಸುವ ಹಲ್ಲುಚಕ್ರಗಳೇ ಮೊದಲು ಸವೆಯುತ್ತವೆ. ಹಳೆಯ ಚೈನೂ ಅವೂ ಒಟ್ಟಿಗೆ ಸವೆದು ಹೊಂದಿಕೊಂಡಿರುತ್ತವೆ, ಹೊಸ ಚೈನ್ ಹೊಂದುವುದಿಲ್ಲ. ಹಲ್ಲಿನ ಒಂದು ಬದಿ ಕೊಕ್ಕೆಯಂತೆ ವಾಲಿರುವುದನ್ನು ಪಕ್ಕದ ಕಡಿಮೆ ಬಳಸಿದ ಚಕ್ರದ ಜೊತೆ ಹೋಲಿಸಿ ನೋಡಿ. ಗೇರ್ ಬದಲಿಸಲು ಅನುಕೂಲವಾಗಲೆಂದು ಕೆಲವು ಹಲ್ಲುಗಳನ್ನು ತಯಾರಿಸುವಾಗಲೇ ಮೊಂಡು ಮಾಡಿರುತ್ತಾರೆ. ಅದನ್ನು ಸವೆತ ಎಂದು ತಿಳಿಯಬೇಡಿ, ಅಂಗಡಿಯವರು ಅದನ್ನೇ ತೋರಿಸಿದರೂ. ಕ್ಯಾಸೆಟ್ಟನ್ನು ಕೈಯಿಂದ ಅಲುಗಿಸಿದಾಗ ಲಟಲಟ ಎಂದರೆ ಹೊರಗಿನ ಲಾಕ್‌ರಿಂಗ್ ಸಡಿಲಾಗಿದೆ. ಬಿಗಿದರೆ ಮುಗಿಯಿತು.

ಹ್ಯಾಂಗರ್: ಬಿದ್ದವರೆಲ್ಲ ಮೊದಲು ನೋಡಬೇಕಾದದ್ದು

ಈ ತುಂಡನ್ನು ಬಾಗಲೆಂದೇ ಮೆದುವಾಗಿ ಮಾಡಿರುತ್ತಾರೆ. ಬಿದ್ದಾಗ ಅಥವಾ ಬೇರು, ಕಲ್ಲು ತಗುಲಿದಾಗ ಡಿರೇಲರೂ ಫ್ರೇಮೂ ಮುರಿಯದೆ ಇದು ಬಾಗಿ ಅವನ್ನು ಉಳಿಸುತ್ತದೆ. ಬೀಳಲೇಬೇಕಾಗಿಲ್ಲ, ಬಸ್ಸಿನ ಮೇಲೆ ಅಥವಾ ಜೀಪಿನ ಹಿಂದೆ ಬಲಮಗ್ಗುಲಿಗೆ ಮಲಗಿಸಿ ಸಾಗಿಸಿದರೂ ಸಾಕು. ರಾಣಿಪುರದ ಏರು ಹತ್ತಲೆಂದು ಪನತ್ತಡಿಯವರೆಗೆ ವಾಹನದಲ್ಲಿ ಸೈಕಲ್ ಒಯ್ದು, ಇಳಿಸಿದ ಮೇಲೆ ಗೇರ್ ಕೆಟ್ಟಿತೆಂದು ಬೇಸರಪಟ್ಟವರನ್ನು ಕಂಡಿದ್ದೇನೆ. ಸೈಕಲನ್ನು ಸದಾ ಎಡಮಗ್ಗುಲಿಗೆ ಮಲಗಿಸಿ.

ಗುರುತು ಇದು: ಕೇಬಲನ್ನು ಎಷ್ಟು ಹೊಂದಿಸಿದರೂ ಎಲ್ಲ ಗೇರುಗಳೂ ಒಟ್ಟಿಗೆ ಸರಿಯಾಗುವುದಿಲ್ಲ. ಸಣ್ಣ ಚಕ್ರಗಳಲ್ಲಿ ಸರಿ ಮಾಡಿದರೆ ದೊಡ್ಡವುಗಳಲ್ಲಿ ಕರಕರ, ದೊಡ್ಡವುಗಳಲ್ಲಿ ಸರಿ ಮಾಡಿದರೆ ಸಣ್ಣವುಗಳಲ್ಲಿ ಹಾರಾಟ. ಸೈಕಲಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಡಿರೇಲರಿನ ಎರಡು ಸಣ್ಣ ಗಾಲಿಗಳನ್ನು ನೋಡಿ. ಮೇಲಿನ ಹಲ್ಲುಚಕ್ರದ ಅಡಿಯಲ್ಲಿ ಎರಡೂ ಒಂದೇ ನೇರಕ್ಕೆ ತೂಗಬೇಕು. ಕೆಳಗಿನದು ಚಕ್ರದ ಕಡ್ಡಿಗಳತ್ತ ವಾಲಿದ್ದರೆ ಹ್ಯಾಂಗರ್ ಒಳಕ್ಕೆ ಬಾಗಿದೆ. ಈ ಸ್ಥಿತಿಯಲ್ಲಿ ಅತಿ ಹಗುರ ಗೇರಿಗೆ ಹೋಗಬೇಡಿ. ಡಿರೇಲರ್ ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಹ್ಯಾಂಗರ್, ಡಿರೇಲರ್, ಕಡ್ಡಿ ಎಲ್ಲವೂ ಒಂದೇ ಕ್ಷಣದಲ್ಲಿ ಹೋಗುತ್ತವೆ, ನೀವೂ ಬೀಳುತ್ತೀರಿ.

ಕಣ್ಣಳತೆ ಸಾಲದು. ಇದಕ್ಕೆಂದೇ ಉದ್ದ ತೋಳಿನ ಅಳತೆಗೋಲು ಇದೆ. ಅದು ಇಲ್ಲದವರಿಗೆ ಒಂದು ಉಪಾಯವಿದೆ. ಡಿರೇಲರಿನ ಬೋಲ್ಟ್ ಕೂರುವ ತೂತಿನ ತಿರುಪು 10 ಮಿಲಿಮೀಟರ್ ದಪ್ಪ, 1 ಮಿಲಿಮೀಟರ್ ಅಂತರದ್ದು. ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಹಿಡಿ) ಇರುವ ಹಳೆಯ ಹಿಂಚಕ್ರಗಳ ಅಚ್ಚಿನ ತಿರುಪೂ ಸಾಮಾನ್ಯವಾಗಿ ಅದೇ. ಡಿರೇಲರನ್ನು ಬಿಚ್ಚಿ, ಅಂಥ ಇನ್ನೊಂದು ಚಕ್ರದ ಅಚ್ಚನ್ನು ಹ್ಯಾಂಗರಿನ ತೂತಿಗೆ ಕೈಯಿಂದಲೇ ತಿರುಗಿಸಿ ಕೂರಿಸಿ. ಬಿಗಿಯಾಗಿ ಹಿಡಿದರೆ ಒತ್ತಾಯಿಸಬೇಡಿ, ತಿರುಪು ಹಾಳಾಗುತ್ತದೆ. ಈಗ ಸೈಕಲಿನ ಹಿಂಚಕ್ರ ಮತ್ತು ಈ ಎರಡನೆಯ ಚಕ್ರ ಅಕ್ಕಪಕ್ಕ ನಿಂತಿರುತ್ತವೆ. ಎರಡು ರಿಮ್ಮುಗಳ ನಡುವಿನ ಅಂತರವನ್ನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಳೆಯಿರಿ. ಎಲ್ಲ ಕಡೆ ಸಮನಾಗಿದ್ದರೆ ಹ್ಯಾಂಗರ್ ನೇರ. ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಿಮ್ಮ ದೋಷ ಸಿಕ್ಕಿತು. ನನ್ನ ಸೈಕಲಿನಲ್ಲಿ ಮೇಲಕ್ಕೂ ಕೆಳಕ್ಕೂ 11 ಮಿಲಿಮೀಟರ್ ವ್ಯತ್ಯಾಸವಿತ್ತು. ಆ ಚಕ್ರವನ್ನೇ ಹಿಡಿದು ಮೆಲ್ಲಗೆ, ತುಸು ತುಸುವೇ ಬಾಗಿಸಿ ಸರಿಪಡಿಸಬಹುದು. ಅಲ್ಯೂಮಿನಿಯಂ ಒಂದೆರಡು ಬಾರಿಗಿಂತ ಹೆಚ್ಚು ಬಾಗುವುದನ್ನು ಸಹಿಸುವುದಿಲ್ಲ, ಬಿರುಕು ಬಿಡುತ್ತದೆ. ಹೊಸದನ್ನು ತರಿಸುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ನೂರಾರು ಆಕಾರಗಳಿವೆ, ಒಂದೇ ಕಂಪನಿಯ ಎರಡು ಮಾದರಿಗಳಿಗೂ ಬೇರೆ ಬೇರೆ ಇರುತ್ತವೆ.

ಕೇಬಲ್

ಇದು ಸುಲಭ. ಗೇರನ್ನು ದೊಡ್ಡ ಚಕ್ರದತ್ತ ಏರಿಸುವಾಗ ನಿಮ್ಮ ಹೆಬ್ಬೆರಳು ಕೇಬಲನ್ನು ಎಳೆಯುತ್ತದೆ, ಸಣ್ಣದರತ್ತ ಇಳಿಸುವಾಗ ಡಿರೇಲರಿನ ಸ್ಪ್ರಿಂಗ್ ಎಳೆಯುತ್ತದೆ. ಏರುವುದು ಚುರುಕು, ಇಳಿಯುವುದು ತಡ ಎಂದಾದರೆ ಕೇಬಲ್ ಕವಚದ ಒಳಗೆ ತುಕ್ಕೋ ಮಣ್ಣೋ ಹಿಡಿದಿದೆ. ಹೆಚ್ಚಾಗಿ ಕೊನೆಯ ತುಂಡಿನಲ್ಲಿ, ಡಿರೇಲರಿನ ಬಳಿ ಬಳೆಯಂತೆ ಬಾಗುವಲ್ಲಿ. ಕೇಬಲ್ ಮತ್ತು ಆ ಕವಚವನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುವುದು ನನ್ನ ರೂಢಿ, ಇದರಲ್ಲಿ ಜಿಪುಣತನ ಮಾಡುವುದಿಲ್ಲ.

ಕೇಬಲ್ ಸಲೀಸಾಗಿದ್ದೂ ಚೈನ್ ಎರಡು ಗೇರುಗಳ ನಡುವೆ ತಡಕಾಡುತ್ತಿದ್ದರೆ ಬಿಗಿಯನ್ನು ಹೊಂದಿಸಬೇಕು. ಕೇಬಲ್ ಬರುವ ಕಡೆ ಇರುವ ಸಣ್ಣ ಉರುಟು ತಿರುಪನ್ನು, ಹಿಂದಿನಿಂದ ನೋಡುವಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಚೈನ್ ದೊಡ್ಡ ಚಕ್ರದತ್ತ ಸರಿಯುತ್ತದೆ. ಒಮ್ಮೆಗೆ ಕಾಲು ಸುತ್ತು, ಮತ್ತೆ ತುಳಿದು ನೋಡುವುದು. ಡಿರೇಲರಿನ ಮೇಲಿರುವ ಎರಡು ಮಿತಿ ತಿರುಪುಗಳನ್ನು ಈ ಕೆಲಸಕ್ಕೆ ಮುಟ್ಟಬೇಡಿ. ಅವು ಚೈನ್ ಎರಡು ತುದಿಗಳಾಚೆ ಬೀಳದಂತೆ ತಡೆಯುವುದಕ್ಕೆ ಮಾತ್ರ ಇವೆ.

ಹಬ್ಬಿನ ಒಳಗೆ ಜಾರುತ್ತಿದ್ದರೆ

ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಸೈಕಲಿನ ಪಕ್ಕದಲ್ಲಿ ನಿಂತು, ಪೆಡಲನ್ನು ಕಾಲಿನಿಂದ ಮುಂದಕ್ಕೆ ಒತ್ತಿ. ಚಕ್ರ ತಿರುಗದೆ ಕ್ಯಾಸೆಟ್ ಮಾತ್ರ ಜಾರಿದರೆ ಹಬ್ಬಿನ ಒಳಗಿನ ಹಲ್ಲುಬೀಗಗಳು, ಪಾಲ್ ಎನ್ನುವ ಸಣ್ಣ ನಾಲಿಗೆಗಳು, ಕಚ್ಚಿಕೊಳ್ಳುತ್ತಿಲ್ಲ. ಪೆಡಲನ್ನು ಸ್ವಲ್ಪ ಸರಿಸಿ ಹತ್ತು ಹದಿನೈದು ಸಲ ಪರೀಕ್ಷಿಸಿ. ಒಮ್ಮೆ ಕಚ್ಚಿತೆಂದು ನಂಬಬೇಡಿ. ತುಳಿಯದೆ ಉರುಳುವಾಗ ಬರುವ ಟಿಕ್‌ಟಿಕ್ ಸದ್ದು ಮಂದವಾಗಿದ್ದರೂ ನಡುನಡುವೆ ನಿಲ್ಲುತ್ತಿದ್ದರೂ ಇದೇ ಸೂಚನೆ.

ಇದಕ್ಕೆ ನಮ್ಮಲ್ಲಿ ಒಂದು ವಿಶೇಷ ಕಾರಣವಿದೆ. ಅಡಿಕೆಗೆ ಮದ್ದು ಬಿಡುವ ಪಂಪಿನಿಂದಲೇ ಸೈಕಲ್ ತೊಳೆಯುತ್ತೇವೆ. ಮರದ ತುದಿಯ ಗೊನೆಯನ್ನು ತಲುಪುವ ಒತ್ತಡದ ನೀರು ಹಬ್ಬಿನ ರಬ್ಬರ್ ಸೀಲನ್ನು ದಾಟಿ ಒಳಹೋಗುತ್ತದೆ, ಗ್ರೀಸನ್ನು ಕದಡಿ ಹಾಲಿನಂತೆ ಮಾಡುತ್ತದೆ. ಬಕೆಟ್ಟು, ಚಿಂದಿಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ರಿಪೇರಿ ಮಾಡುವಾಗ ಒಳಗೆ ಗಾಡಿಗಳಿಗೆ ಹಾಕುವ ದಪ್ಪ ಹಳದಿ ಗ್ರೀಸ್ ತುಂಬಿದರೂ ನಾಲಿಗೆಗಳು ಅಂಟಿ ಏಳುವುದಿಲ್ಲ. ಅಲ್ಲಿಗೆ ತೆಳುವಾದ ಗ್ರೀಸೋ ಎಣ್ಣೆಯೋ ಆಗಬೇಕು. ಕಡಿಮೆ ಬೆಲೆಯ 7 ಗೇರಿನ ಸೈಕಲುಗಳಲ್ಲಿ ಈ ಭಾಗ ಹಲ್ಲುಚಕ್ರಗಳ ಜೊತೆ ಒಂದೇ ಗಟ್ಟಿಯಾಗಿ ಹಬ್ಬಿಗೆ ತಿರುಪಾಗಿ ಕೂತಿರುತ್ತದೆ. ಅದನ್ನು ಇಡಿಯಾಗಿ ಬದಲಿಸುವುದೇ ಸರಿ. ಉಳಿದ ದೋಷಗಳನ್ನಿಟ್ಟುಕೊಂಡು ಮೆಲ್ಲಗೆ ಮನೆ ಸೇರಬಹುದು. ಇದರಲ್ಲಿ ಮಾತ್ರ ಏರು ಹತ್ತಬೇಡಿ. ಪೂರ್ತಿ ಭಾರ ಹಾಕಿದಾಗ ಪೆಡಲ್ ಇದ್ದಕ್ಕಿದ್ದಂತೆ ಬೀಳುವುದರಿಂದ ಹಲ್ಲು ಮುರಿದವರಿದ್ದಾರೆ.

ಗುಡ್ಡದ ನಡುವೆ ಕೈಕೊಟ್ಟರೆ

ಹಾರುತ್ತಿರುವ ಚೈನಿನಲ್ಲಿಯೇ ಮನೆಗೆ ಮರಳಬೇಕಾದರೆ ನಡುವಿನ ಒಂದು ಹಲ್ಲುಚಕ್ರವನ್ನು ಆರಿಸಿಕೊಂಡು ಗೇರನ್ನು ಮತ್ತೆ ಮುಟ್ಟಬೇಡಿ. ಸೀಟಿನ ಮೇಲೆಯೇ ಕುಳಿತು ತುಳಿಯಿರಿ, ಎದ್ದು ನಿಲ್ಲಬೇಡಿ, ಕಡಿದಾದಲ್ಲಿ ಇಳಿದು ತಳ್ಳಿ. ಹ್ಯಾಂಗರ್ ಮುರಿದೇ ಹೋದರೆ ಡಿರೇಲರನ್ನು ಚೈನಿನಿಂದ ಬಿಡಿಸಿ ಫ್ರೇಮಿಗೆ ಕಟ್ಟಿ, ಚೈನನ್ನು ತುಂಡರಿಸಿ ಮುಂದಿನ ಹಲ್ಲುಚಕ್ರದಿಂದ ಹಿಂದಿನ ನಡುವಿನ ಒಂದು ಹಲ್ಲುಚಕ್ರಕ್ಕೆ ನೇರವಾಗಿ ಹಾಕಿ, ಕ್ವಿಕ್ ಲಿಂಕಿನಿಂದ ಜೋಡಿಸಿ. ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲಿನಲ್ಲಿ ಹೀಗೆ ಒಂದೇ ಗೇರಿನಲ್ಲಿ ಇಪ್ಪತ್ತು ಕಿಲೋಮೀಟರ್ ಬಂದಿದ್ದೇನೆ. ಚೈನ್ ಕತ್ತರಿಸುವ ಸಣ್ಣ ಉಪಕರಣ, ಎರಡು ಕ್ವಿಕ್ ಲಿಂಕ್, ಒಂದು ಹೊಸ ಹ್ಯಾಂಗರ್: ಮೂರೂ ಸೇರಿ ಅಂಗೈಯಷ್ಟು ಜಾಗ. ಬಂದಡ್ಕದ ಆಚೆಗೆ, ಸ್ವರ್ಗ, ಪಡ್ರೆಯ ಒಳದಾರಿಗಳಿಗೆ ಹೋಗುವವರು ಇವಿಲ್ಲದೆ ಹೊರಡಬಾರದು ಎಂದೇ ನನ್ನ ಅಭಿಪ್ರಾಯ.

ಅಂಗಡಿಗೆ ಹೋಗಲೇಬೇಕಾದಾಗ "ಚೈನ್ ಹಾರುತ್ತದೆ, ನೋಡಿ" ಎಂದಷ್ಟೇ ಹೇಳಿ ಸೈಕಲ್ ಬಿಟ್ಟು ಬರಬೇಡಿ. ಯಾವ ಗೇರಿನಲ್ಲಿ, ಎಷ್ಟು ಸುತ್ತಿಗೆ, ಕುಳಿತಾಗಲೋ ನಿಂತಾಗಲೋ, ಯಾವಾಗ ಬಿದ್ದಿರಿ, ಚೈನಿನ ಅಳತೆ ಎಷ್ಟು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ಸ್ಟ್ಯಾಂಡಿನ ಮೇಲೆ ಭಾರವಿಲ್ಲದೆ ತಿರುಗುವ ಸೈಕಲ್ ತನ್ನ ದೋಷವನ್ನು ಮೆಕ್ಯಾನಿಕ್‌ಗೆ ತೋರಿಸುವುದಿಲ್ಲ. ಅದನ್ನು ಕಂಡವರು ನೀವೊಬ್ಬರೇ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದುಕೊಳ್ಳಿ, ಮನೆಯಲ್ಲಿ ಅಳೆಯಿರಿ.

ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಮಾವ, ಹಾರುವುದು ನಿಂತಿದೆ. ಈಗ ಪ್ರತಿ ಸುತ್ತಿಗೆ ಒಮ್ಮೆ ಕಿರ್ ಎನ್ನುತ್ತದೆ, ಎಡಗಾಲು ಕೆಳಗೆ ಬರುವಾಗ. ಎದ್ದು ತುಳಿದರೂ ಬರುತ್ತದೆ, ಹಾಗಾಗಿ ಸೀಟಿನದಲ್ಲ." ಎಡ ಪೆಡಲನ್ನು ಬಿಚ್ಚಿ, ತಿರುಪನ್ನು ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಬಿಗಿ ಎಂದೆ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು.